ತಿದಿ ಹುಡುಕುವ ಎಡಗೈ

ಇದು ನಡೆದ ಕಥೆ. ನನ್ನ ಬಾಯಿಗೆ ಬಂದ ಕಥೆಗಳು ಸಾಮಾನ್ಯವಾಗಿ ಓಡುತ್ತವೆ, ಕೆಲವು ಹಾರುತ್ತವೆ; ಇದೊಂದನ್ನು ಮಾತ್ರ ನಡೆದಷ್ಟೇ ನಡೆಸುತ್ತೇನೆ. ಓಡಿಸಲು ಧೈರ್ಯವಿಲ್ಲ. ಆ ಮೂರು ದಿನ ಪಟ್ಟ ಹೆದರಿಕೆ ನೆನಪಾದರೆ ಈಗಲೂ ಗಂಟಲು ಒಣಗುತ್ತದೆ, ಗಂಟಲು ಒಣಗಿದರೆ ನನ್ನಂಥವನ ಬಳಿ ಉಳಿಯುವುದು ಏನೂ ಇಲ್ಲ.

ಸಾವಿರದ ಒಂಬೈನೂರ ನಲವತ್ತಮೂರನೆಯ ಇಸವಿ. ನಾನು, ಮಾನ್ವಿಯ ವಿಠ್ಠಲ, ಹೈದರಾಬಾದಿನಲ್ಲಿ ಬಿ.ಎ. ಆಗಿ, ಆಮೇಲೆ ಬೇರೇನೂ ಆಗದೆ, ರಾಯಚೂರಿನ ಒಂದು ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದೆ. ಲೆಕ್ಕವನ್ನು ನಾನು ಅಷ್ಟಾಗಿ ಲೆಕ್ಕಕ್ಕೆ ಇಟ್ಟವನಲ್ಲ. ನನಗೆ ಹುಚ್ಚು ಇದ್ದದ್ದು ದನಿಗಳದು. ಸ್ಟೇಷನ್ ಮಾಸ್ತರರ ಕೆಮ್ಮು, ತಹಶೀಲ್ದಾರರು ಅರ್ಜಿ ಓದುವಾಗಿನ ಮೂಗುಸ್ವರ, ನಮ್ಮ ಹೆಡ್‌ಮಾಸ್ತರರು ಸಿಟ್ಟಿಗೆದ್ದಾಗ ಉರ್ದುವಿನಿಂದ ಕನ್ನಡಕ್ಕೆ ಜಾರುವ ರೀತಿ, ಒಂದು ಸಲ ಕಿವಿಗೆ ಬಿದ್ದದ್ದು ಮರುದಿನ ನನ್ನ ಬಾಯಲ್ಲಿ ಇರುತ್ತಿತ್ತು.

ಸಂಜೆಹೊತ್ತು ಸ್ಟೇಷನ್ ರಸ್ತೆಯ ಜೈನಾಬ್ ಬೇಗಮ್ ಅವರ ಮನೆಗೆ ಹೋಗುತ್ತಿದ್ದೆ. ಡಾಕ್ಟರೊಬ್ಬರ ವಿಧವೆ; ಹುಡುಗಿಯಾಗಿದ್ದಾಗ ಹೈದರಾಬಾದಿನ ಕಾನ್ವೆಂಟಿನಲ್ಲಿ ಪಿಯಾನೋ ಕಲಿತವರು. ಮದುವೆಯಾದ ವರ್ಷ ಆ ಪಿಯಾನೋ ಗೂಡ್ಸ್ ಗಾಡಿಯಲ್ಲಿ ಅವರ ಹಿಂದೆ ರಾಯಚೂರಿಗೆ ಬಂದಿತ್ತು. ವಿಲಾಯತಿ ಸಂಗೀತದ ಇಮ್ತಿಹಾನಿಗೆ, ಅಂದರೆ ಪರೀಕ್ಷೆಗೆ, ಪ್ರತಿವರ್ಷ ಇಬ್ಬರು ಮೂವರನ್ನು ತಯಾರು ಮಾಡುತ್ತಿದ್ದರು. ಆ ವರ್ಷ ರೈಲ್ವೆ ಅಧಿಕಾರಿಯೊಬ್ಬರ ಇಬ್ಬರು ಹೆಣ್ಣುಮಕ್ಕಳಿದ್ದರು, ಜೊತೆಗೆ ಹಂಪಯ್ಯ ಇದ್ದ.

ಹುಡುಗಿಯರ ಪಕ್ಕದಲ್ಲೇ ಕೂತು ಕಲಿಸುತ್ತಿದ್ದ ಬೇಗಮ್, ಹಂಪಯ್ಯ ಬಂದಾಗ ಬಿದಿರಕಡ್ಡಿಯ ಪರದೆಯ ಆಚೆಗೆ ಹೋಗಿ ಕೂರುತ್ತಿದ್ದರು. ಗೋಷಾ ಪಾಲಿಸುವವರು; ಗಂಡಸರ ಎದುರಿಗೆ ಬರುವವರಲ್ಲ. ಶಿಷ್ಯನ ಕೈಗಳನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಎಲ್ಲವೂ ಕಿವಿಯಲ್ಲೇ. ಯಾವ ಬೆರಳು ಸೋಮಾರಿ, ಯಾವ ಬೆರಳು ಅವಸರದ್ದು ಎಂದು ಆಚೆಯಿಂದಲೇ ಹೇಳುತ್ತಿದ್ದರು. ಮಣಿಕಟ್ಟು ಕುಸಿದಿದೆಯೇ, ಬೆನ್ನು ಬಾಗಿದೆಯೇ ಎಂಬುದನ್ನು ನೋಡಿ ಹೇಳಲು ಈಚೆಗೆ ನಾನು. ಪರದೆಯ ಆಚೆಗೆ ಕಿವಿ, ಈಚೆಗೆ ಕಣ್ಣು, ನಡುವೆ ಹಂಪಯ್ಯ.

ಹಂಪಯ್ಯ ದೇವದುರ್ಗದವನು, ಇಪ್ಪತ್ತೆರಡು ವಯಸ್ಸು. ತಂದೆ ಕಲ್ಲು ಒಡೆಯುತ್ತಲೇ ತೀರಿಹೋದ ಕೂಲಿಯಾಳು. ಮಗ ಆಟದ ಮೇಳದಲ್ಲಿ ಹಾರ್ಮೋನಿಯಂ, ಅಂದರೆ ನಮ್ಮ ಕಡೆಯ ಪೇಟಿ, ನುಡಿಸಿ ಬೆಳೆದವನು. ಮೇಳ ಅವನ ಪೇಟಿ ಇಲ್ಲದೆ ಹಾಡುತ್ತಿರಲಿಲ್ಲ, ಆದರೂ ಅವನನ್ನು ರಂಗದ ಮೇಲೆ ಕೂರಿಸುತ್ತಿರಲಿಲ್ಲ. ಕೆಳಗೆ ನೆಲದಲ್ಲಿ, ಕಂಬದ ಮರೆಯಲ್ಲಿ. ರಾಯಚೂರಿನ ಪಾದ್ರಿಗಳ ಶಾಲೆಯೊಂದು ಅವನ ಕೈಗುಣ ಕೇಳಿ ಮಾತು ಕೊಟ್ಟಿತ್ತು: ಇಮ್ತಿಹಾನು ಪಾಸಾದರೆ ಜೂನ್ ತಿಂಗಳಿಂದ ಅವನೇ ಸಂಗೀತದ ಮಾಸ್ತರ, ಆಗದಿದ್ದರೆ ಬೇರೆ ಊರಿನಿಂದ ಒಬ್ಬರು ಬರುತ್ತಾರೆ. ಅವನ ಓಣಿಯಲ್ಲಿ ಅದುವರೆಗೆ ಯಾರನ್ನೂ ಯಾರೂ ‘ಮಾಸ್ತರ್ರ’ ಎಂದು ಕರೆದಿರಲಿಲ್ಲ.

ಅವನಿಗೆ ಒಂದೇ ಒಂದು ತೊಂದರೆ. ಪೇಟಿ ನುಡಿಸುವವನು ಬಲಗೈಯಲ್ಲಿ ಸ್ವರ ಒತ್ತುತ್ತಾನೆ, ಎಡಗೈಯಲ್ಲಿ ತಿದಿ ಒತ್ತಿ ಗಾಳಿ ಹಾಕುತ್ತಾನೆ. ಪಿಯಾನೋಕ್ಕೆ ಗಾಳಿ ಬೇಡ; ಎರಡೂ ಕೈ ಮನೆಗಳ, ಅಂದರೆ ಸ್ವರದ ಪಟ್ಟಿಗಳ, ಮೇಲೆ ಇರಬೇಕು. ಹಂಪಯ್ಯ ನಿರಾಳವಾಗಿದ್ದಾಗ ಎರಡೂ ಕೈ ನೀರಿನಂತೆ ಹರಿಯುತ್ತಿದ್ದವು. ಹೆದರಿದನೋ, ಎಡಗೈ ಮನೆ ಬಿಟ್ಟು ಹೊರಟಿತು. ಮೇಲೆದ್ದು, ಇಲ್ಲದ ತಿದಿಯನ್ನು ಹುಡುಕಿ, ಬರಿಗಾಳಿಯನ್ನು ಹಿಂದೆ ಮುಂದೆ ತಳ್ಳುತ್ತಿತ್ತು. ಅವನಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಪೇಟಿಯವನಿಗೆ ಭಯವೆಂದರೆ ಗಾಳಿ ತೀರಿಹೋಗುವ ಭಯ. ಕೈ ತನ್ನ ಧರ್ಮ ತಾನು ಮಾಡುತ್ತಿತ್ತು.

ಬೇಗಮ್ ಒಂದು ಉಪಾಯ ಮಾಡಿದರು. ಅವನ ಎಡ ಮಣಿಕಟ್ಟಿಗೆ ಒಂದು ಗೆಜ್ಜೆ ಕಟ್ಟಿಸಿದರು. ಕೈ ಎದ್ದರೆ ಗೆಜ್ಜೆ ಝಲ್ ಎನ್ನಬೇಕು, ಪರದೆಯ ಆಚೆಗೆ ಕೇಳಬೇಕು. ಜನವರಿಯ ಕೊನೆಯ ಹೊತ್ತಿಗೆ ಒಂದು ಇಡೀ ಸಂಜೆ ಗೆಜ್ಜೆ ಸುಮ್ಮನಿತ್ತು. ಅವತ್ತು ಅವರು ಒಳಗಿನಿಂದ ಶೀರ್‌ಖುರ್ಮಾ ಪಾಯಸ ಕಳಿಸಿದರು.

ಅಷ್ಟು ಚೆನ್ನಾಗಿ ನಡೆಯುತ್ತಿದ್ದುದರಲ್ಲಿ ನಾನು ಬಾಯಿ ಹಾಕಿದೆ.

ಯುದ್ಧದ ದೆಸೆಯಿಂದ ಲಂಡನ್ನಿನ ಪರೀಕ್ಷಕರು ಬರುವಂತಿರಲಿಲ್ಲ. ಮದ್ರಾಸಿನಲ್ಲಿ ನೆಲೆಸಿದ್ದ ಹ್ಯಾಲಿವೆಲ್ ಎಂಬ ದೊರೆ ಮೇಲ್ ಗಾಡಿಯಲ್ಲಿ ಬಂದು, ಪಾದ್ರಿಗಳ ಶಾಲೆಯ ಹಾಲಿನಲ್ಲಿ ಪರೀಕ್ಷೆ ಮಾಡುವವರಿದ್ದರು. ಹಂಪಯ್ಯನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಬೇಗಮ್ ಮೊದಲೇ ಪತ್ರ ಬರೆದು, ದೊರೆಯ ಮಾತನ್ನು ಕನ್ನಡದಲ್ಲಿ ಹೇಳಲು ನನಗೆ ಅಪ್ಪಣೆ ತರಿಸಿದ್ದರು. ಈ ದೊರೆಯನ್ನು ನಾನು ಕಂಡವನಲ್ಲ. ಆದರೂ ಹೈದರಾಬಾದಿನಲ್ಲಿ ಕಂಡೆನೆಂದು ಹಂಪಯ್ಯನಿಗೆ ಹೇಳಿದೆ. ಅವನ ಗಂಟಲಲ್ಲಿ ಸದಾ ಕಲ್ಲು ಉರುಳುತ್ತದೆ ಎಂದೆ. ಅವನ ಕೋಲಿಗೆ ಕಬ್ಬಿಣದ ತುದಿ ಇದೆ, ತಪ್ಪಿಗೊಮ್ಮೆ ಕುಟ್ಟುತ್ತಾನೆ, ಮೂರನೆಯ ಸಲ ಕುಟ್ಟಿದರೆ ಬಾಗಿಲು ಎಂದೆ. ಬಳ್ಳಾರಿಯಲ್ಲಿ ಒಬ್ಬಾಕೆ ಅವನ ಮುಂದೆ ನುಡಿಸಿ ಬಂದು ಇನ್ನೂ ಹಾಸಿಗೆಯಿಂದ ಎದ್ದಿಲ್ಲ ಎಂದೂ ಸೇರಿಸಿದೆ. ಸ್ವರ ಹಿಡಿಯಬೇಕಾದವನಿಗೆ ಜ್ವರ ಹಿಡಿಸಿದೆ. ಅವನ ಮುಖ ಬಿಳಿಚುವುದನ್ನು ನೋಡಲು ಮಜವಾಗಿತ್ತು. ಗೆಜ್ಜೆ ಮತ್ತೆ ಝಲ್ ಎನ್ನತೊಡಗಿತು. ಇದೇಕೆ ಹೀಗೆ ಎಂದು ಬೇಗಮ್ ನನ್ನನ್ನೇ ಕೇಳಿದರು. ಹವಾ ಬದಲಾಗಿದೆ ಅಂದೆ.

ಇಮ್ತಿಹಾನು ಶನಿವಾರ. ಗುರುವಾರ ಮಧ್ಯಾಹ್ನ ಬೇಗಮ್ ನಮಾಜಿಗೆಂದು ಒಳಮನೆಗೆ ಹೋದರು. ಹಂಪಯ್ಯ ಒಬ್ಬನೇ ಪಿಯಾನೋದ ಮುಂದಿದ್ದ. ಪಾನ್ ತರುತ್ತೇನೆಂದು ಹೇಳಿ ನಾನು ಹೊರಗೆ ಹೋಗಿ, ಹಿತ್ತಲ ಬಾಗಿಲಿನಿಂದ ಬಂದು ಪರದೆಯ ಆಚೆ ನಿಂತೆ. ಮೂಲೆಯಲ್ಲಿ ಡಾಕ್ಟರ್ ಸಾಹೇಬರ ಹಳೆಯ ಕೈಗೋಲು ಇತ್ತು. ಮೊದಲು ಬೇಗಮ್ ಅವರ ದನಿಯಲ್ಲಿ, ಹಂಪಯ್ಯನಿಗೂ ತಿಳಿಯುವಂಥ ಸರಳ ಇಂಗ್ಲಿಷಿನಲ್ಲಿ, ಎರಡು ದಿನ ಮೊದಲೇ ಬಂದಿದ್ದೀರಲ್ಲ ಸಾಹೇಬ್, ನಾನು ಒಳಗಿರುತ್ತೇನೆ, ನೀವು ಇಲ್ಲೇ ಕೂತು ಕೇಳಿ, ಹುಡುಗನಿಗೆ ಗೊತ್ತಾಗುವುದು ಬೇಡ ಎಂದು ಪಿಸುಗುಟ್ಟಿದೆ. ಪಿಸುಮಾತು ಆಚೆಗೆ ಕೇಳುವಷ್ಟು ಜೋರಾಗಿಯೇ ಇತ್ತು. ಆಮೇಲೆ ನಮ್ಮ ಕಾಲೇಜಿನ ಮುದಿ ಪ್ರೊಫೆಸರೊಬ್ಬರ ಗಂಟಲು ಎರವಲು ತಂದು, ನಾಲ್ಕು ಕಲ್ಲು ಉರುಳಿಸಿದೆ.

ಪಿಯಾನೋ ಶುರುವಾಯಿತು. ಮೊದಲ ಸಾಲಿನಲ್ಲೇ ಎಡಗೈ ಮಾಯ. ಗೆಜ್ಜೆ ಒಂದೇ ಸಮನೆ ಝಲ್ ಝಲ್. ಕೋಲು ಕುಟ್ಟಿದೆ. ಮತ್ತೆ ಕುಟ್ಟಿದೆ. ಮೂರನೆಯ ಸಲ ಕುಟ್ಟಿ, ಗಂಟಲಿನ ತಳದಿಂದ ಒಂದೇ ಮಾತು ಎತ್ತಿದೆ: ‘ಫೇಲ್.’

ಪಿಯಾನೋದ ಮುಚ್ಚಳ ಮೆಲ್ಲಗೆ ಮುಚ್ಚಿದ ಸದ್ದಾಯಿತು. ನಾನು ಬಾಯಿಗೆ ಕೈ ಒತ್ತಿ, ಭುಜ ಕುಲುಕಿಸಿ ನಕ್ಕು, ಕಣ್ಣೊರೆಸಿಕೊಂಡು ಪರದೆ ಎತ್ತಿದೆ. ಸ್ಟೂಲು ಖಾಲಿ. ಮುಚ್ಚಳದ ಮೇಲೆ ಬಿಚ್ಚಿಟ್ಟ ಗೆಜ್ಜೆ.

ಬೀದಿಗೆ ಓಡಿದೆ. ಟಾಂಗಾ ಸ್ಟ್ಯಾಂಡಿನವರೆಗೂ ನೋಡಿದೆ. ಅವನು ಮಲಗುತ್ತಿದ್ದ ಶಾಲೆಯ ವರಾಂಡದಲ್ಲಿ ಚಾಪೆ ಇತ್ತು, ಗಂಟು ಇರಲಿಲ್ಲ. ದೇವದುರ್ಗದ ಬಸ್ಸು ಹತ್ತಿದನೆಂದು ಅಲ್ಲಿದ್ದವರು ಹೇಳಿದರು. ತಿರುಗಿ ಬಂದಾಗ ಬೇಗಮ್ ಪರದೆಯ ಆಚೆ ಕೂತಿದ್ದರು. ಹಂಪಯ್ಯ ಎಲ್ಲಿ ಎಂದು ಕೇಳಿದರು. ಹೊಟ್ಟೆನೋವು, ಮನೆಗೆ ಹೋದ ಅಂದೆ. ಶನಿವಾರಕ್ಕೆ ಬರುತ್ತಾನಲ್ಲವೇ ಅಂದರು. ಬರುತ್ತಾನೆ ಅಂದೆ. ಆ ಎರಡೂ ಸುಳ್ಳನ್ನು ನಾನು ನನ್ನದೇ ದನಿಯಲ್ಲಿ ಹೇಳಿದೆ.

ಶುಕ್ರವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಎರಡು ಬಸ್ಸು ಅಕ್ಕಪಕ್ಕ ನಿಂತಿದ್ದವು: ಒಂದು ಮಾನ್ವಿಗೆ, ಇನ್ನೊಂದು ದೇವದುರ್ಗಕ್ಕೆ. ಹೇಳಲು ನಾಚಿಕೆಯಾಗುತ್ತದೆ, ನಾನು ಹತ್ತಿದ್ದು ಮಾನ್ವಿಯದು. ಮನೆಗೆ ಹೋಗಿ ಅವ್ವನ ಕೈಯ ಸಾರುಂಡು ಮುಸುಕು ಹಾಕಿ ಮಲಗಿಬಿಟ್ಟರೆ ಶನಿವಾರ ತಾನಾಗಿಯೇ ದಾಟಿಹೋಗುತ್ತದೆ ಅನ್ನಿಸಿತು. ಜೂನ್ ತಿಂಗಳಲ್ಲಿ ಪಾದ್ರಿಗಳ ಶಾಲೆಗೆ ಯಾರೋ ಬರುತ್ತಾರೆ. ಹಂಪಯ್ಯ ಕಂಬದ ಮರೆಯಲ್ಲಿ ಕೂರುತ್ತಾನೆ, ಮುದುಕನಾಗುವವರೆಗೆ. ಆ ಕಂಬ ಕಣ್ಣಿಗೆ ಕಟ್ಟಿತು. ಬಸ್ಸು ಗುರುಗುಟ್ಟಿ ಹೊರಡುವಷ್ಟರಲ್ಲಿ ಇಳಿದು ಇನ್ನೊಂದಕ್ಕೆ ಹತ್ತಿದೆ.

ಪೆಟ್ರೋಲು ಸಿಗದ ಕಾಲ. ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ, ಅದರ ಹೊಗೆಯಿಂದ ಓಡಿಸುತ್ತಿದ್ದರು. ದೇವದುರ್ಗ ಮುಟ್ಟುವಾಗ ಹೊತ್ತು ಇಳಿದಿತ್ತು. ಹಂಪಯ್ಯನ ಓಣಿಗೆ ನನ್ನಂಥವರು ಹೋಗುವ ರೂಢಿ ಇರಲಿಲ್ಲ. ಮಂದಿ ಎದ್ದು ನಿಂತರು. ಅವನ ತಾಯಿ ದುರುಗಮ್ಮ ನೀರಿನ ಚೊಂಬು ತಂದು, ನನಗೆ ಕೊಡಬಹುದೋ ಬಾರದೋ ತಿಳಿಯದೆ ಕೈಯಲ್ಲೇ ಹಿಡಿದು ನಿಂತಳು. ನಾನೇ ಇಸಿದುಕೊಂಡು ಕುಡಿದೆ.

‘ದೊರಿ ಎರಡು ದಿನ ಮೊದಲ ಬಂದು ಕೇಳಿ ಫೇಲ್ ಮಾಡಿದ್ನಂತ್ರಿ,’ ಅಂದಳು ಆಕೆ. ‘ನಿನ್ನಿಯಿಂದ ಕೂಳು ಮುಟ್ಟಿಲ್ರಿ. ಪರಮಣ್ಣನ ಮ್ಯಾಳದ ಜೋಡಿ ನಾಡಿದ್ದು ಐತಾರ ಸುರಪುರಕ್ಕ ಹೊಂಟಾನ.’

ಹಂಪಯ್ಯ ಮನೆಯ ಹಿಂದೆ ಕೂತು ಮೇಳದ ಪೇಟಿಯ ತಿದಿಗೆ ತೊಗಲು ಅಂಟಿಸುತ್ತಿದ್ದ. ನನ್ನನ್ನು ಕಂಡು ಎದ್ದ. ಎದ್ದದ್ದು ಮರ್ಯಾದೆಗಷ್ಟೇ. ನಾನು ಎಲ್ಲವನ್ನೂ ಹೇಳಿದೆ: ಹಿತ್ತಲ ಬಾಗಿಲು, ಕೋಲು, ಗಂಟಲು, ಬಳ್ಳಾರಿಯ ಹೆಂಗಸು. ಅವನು ನಂಬಲಿಲ್ಲ. ಇಮ್ತಿಹಾನಿಗೆ ಕರೆದೊಯ್ಯಲು ನಾನು ಈಗ ಸುಳ್ಳು ಹೇಳುತ್ತಿದ್ದೇನೆ ಅಂದುಕೊಂಡ. ಕೊನೆಗೆ ಅಲ್ಲೇ, ಕೋಳಿಗಳ ನಡುವೆ ನಿಂತು, ಆ ಗಂಟಲನ್ನು ಮಾಡಿ ತೋರಿಸಬೇಕಾಯಿತು. ನೆಲಕ್ಕೆ ಕಾಲು ಕುಟ್ಟಿ ‘ಫೇಲ್’ ಅಂದೆ. ಒಳಗಿನಿಂದ ದುರುಗಮ್ಮ, ಯಾರಿಗೆ ಕೆಮ್ಮು ಹತ್ತಿದೆ ಎಂದು ಕೇಳಿದಳು.

ಅವನು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ತನ್ನ ಎಡಗೈಯನ್ನು ತಿರುವಿ ನೋಡಿಕೊಂಡ.

‘ರಾಯರ, ನೀವು ಸುಳ್ಳ ದನಿ ಮಾಡಿದ್ರಿ, ಅದಕ್ಕ ಈ ಕೈ ಎದ್ದು ಹೋತು. ಖರೇ ದೊರಿ ಮುಂದ ಏನ್ ಮಾಡ್ತದ ಹೇಳ್ರಿ. ನಾ ಬರಂಗಿಲ್ಲ.’

ಉತ್ತರ ಕೊಟ್ಟವಳು ದುರುಗಮ್ಮ. ಬಾಗಿಲಿಗೆ ಬಂದು ನಿಂತಳು, ದನಿ ಎತ್ತಲಿಲ್ಲ. ‘ಖರೇ ಮನಿಶ್ಯಾನೇ ಫೇಲ್ ಮಾಡ್ಲಿ. ಇವರ ಮಾತಿಗೆ ಫೇಲ್ ಆಗಿ ಕುಂತ್ರ ನಾ ಮಂದಿಗೆ ಏನಂತ ಹೇಳ್ಲಿ. ಹೋಗಿ ಬಾ.’

ಹಂಪಯ್ಯ ಪೇಟಿಯನ್ನು ಬದಿಗಿಟ್ಟು, ಒಂದು ಷರತ್ತು ಹಾಕಿದ: ಬೇಗಮ್ ಅವರಿಗೆ ನಾನೇ ಎಲ್ಲವನ್ನೂ ಹೇಳಬೇಕು, ಅವನ ಎದುರಿಗೇ. ಒಪ್ಪಿಕೊಂಡೆ.

ಶನಿವಾರ ಮೊದಲ ಬಸ್ಸು. ಗಬ್ಬೂರಿನ ಹತ್ತಿರ ದಿಣ್ಣೆಯ ಮೇಲೆ ಅದು ಏದುಸಿರು ಬಿಟ್ಟು ನಿಂತಿತು. ಹುಡುಗಿಯರ ಸರದಿ ಹತ್ತು ಗಂಟೆಗೆ, ಇವನದು ಹನ್ನೊಂದಕ್ಕೆ. ಬಿಸಿಲು ನೋಡಿದರೆ ಆಗಲೇ ಒಂಬತ್ತು ದಾಟಿತ್ತು. ಇದ್ದಿಲ ಒಲೆಗೆ ಗಾಳಿ ಹಾಕುವ ಚಕ್ರವನ್ನು ಕಂಡಕ್ಟರು ತಿರುಗಿಸಿ ತಿರುಗಿಸಿ ಸೋತ. ಹಂಪಯ್ಯ ಇಳಿದು ಹೋಗಿ ಚಕ್ರಕ್ಕೆ ಕೈ ಹಾಕಿದ, ಎಡಗೈ. ಪೇಟಿ ಬಿಟ್ಟರೆ ಲೋಕದಲ್ಲಿ ಆ ಕೈಯ ಗಾಳಿ ಬೇಕಾಗಿದ್ದ ಜಾಗ ಅದೊಂದೇ ಇರಬೇಕು. ಉಳಿದ ನಾವೆಲ್ಲ ನೂಕಿದೆವು. ಬಸ್ಸು ಕೆಮ್ಮುತ್ತಾ ಎದ್ದಿತು.

ಪಾದ್ರಿಗಳ ಶಾಲೆ ಮುಟ್ಟಿದಾಗ ಹುಡುಗಿಯರು ಮುಗಿಸಿ ಹೋಗಿದ್ದರು. ಹಾಲಿನ ಕಿಟಕಿಯ ಪಕ್ಕಕ್ಕೆ ಪರದೆ ಕಟ್ಟಿದ ಟಾಂಗಾ ನಿಂತಿತ್ತು. ಒಳಗೆ ಬೇಗಮ್, ಶಿಷ್ಯರು ನುಡಿಸುವುದನ್ನು ಅಲ್ಲಿಂದಲೇ ಕೇಳುವರು. ನಾನು ಪರದೆಯ ಹತ್ತಿರ ನಿಂತು, ಹಂಪಯ್ಯನ ಎದುರಿಗೆ, ನಡೆದದ್ದು ಹೇಳಿದೆ. ಟಾಂಗಾದ ಕುದುರೆ ಎರಡು ಸಲ ತಲೆ ಕೊಡವಿತು. ಇನ್ನು ಅವರ ಮನೆಯ ಬಾಗಿಲು ನನಗೆ ಮುಚ್ಚಿತು ಅಂದುಕೊಂಡೆ.

‘ವಿಠ್ಠಲರಾವ್,’ ಎಂದಿತು ದನಿ, ‘ಇವತ್ತು ನಿಮ್ಮ ಬಾಯಾಗ ಇನ್ನೊಬ್ಬರ ಮಾತು ಬರ್ತಾವ. ಒಂದು ಸೇರಿಸಬ್ಯಾಡ್ರಿ. ಒಂದು ತೆಗೀಬ್ಯಾಡ್ರಿ. ಹೋಗ್ರಿ.’

ಒಳಗೆ ಹ್ಯಾಲಿವೆಲ್ ಸಾಹೇಬರು ಮೇಜಿನ ಹಿಂದೆ ಕೂತಿದ್ದರು. ಕೋಲು ಇರಲಿಲ್ಲ. ಸಣ್ಣ ಆಳು, ಬೋಳುತಲೆ, ಕುತ್ತಿಗೆಗೆ ಉಣ್ಣೆಯ ಪಟ್ಟಿ. ದನಿ ಎಷ್ಟು ಮೆತ್ತಗೆಂದರೆ ನಾನು ಬಾಗಿ ಕೇಳಬೇಕಾಗಿತ್ತು. ಆದರೆ ಆ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ನಮ್ಮಲ್ಲಿ ಕೇಳುವವರು ತಲೆದೂಗುತ್ತಾರೆ, ‘ವಾಹ್’ ಎನ್ನುತ್ತಾರೆ, ಕನಿಷ್ಠ ತೊಡೆಯನ್ನಾದರೂ ತಟ್ಟುತ್ತಾರೆ. ಇವರು ಕಲ್ಲಿನಂತೆ ಕೂತು ಪೆನ್ಸಿಲಿನಿಂದ ಬರೆಯುತ್ತಿದ್ದರು. ಕಲ್ಲು ಉರುಳುವ ಗಂಟಲಿಗಿಂತ ಆ ಮೌನವೇ ಭಯಂಕರ ಎಂದು ನನಗೆ ಹೊಳೆದಿರಲೇ ಇಲ್ಲ.

ಸ್ವರಸಾಲುಗಳು ಸರಿಯಾಗಿ ಬಂದವು. ಮೊದಲ ತುಣುಕು ದಾಟಿತು. ಎರಡನೆಯದರ ನಡುವೆ ಸಾಹೇಬರು ಪೆನ್ಸಿಲು ಎತ್ತಿ ಏನೋ ಬರೆದರು. ಹಂಪಯ್ಯನ ಕಣ್ಣು ಆ ಕಡೆ ಹೊರಳಿತು. ಎಡಗೈ ಎದ್ದಿತು. ಬಲಗೈ ಒಂಟಿಯಾಗಿ ಹಾಡುತ್ತಿದೆ, ಎಡಗೈ ಗಾಳಿಯಲ್ಲಿ ಹಿಂದೆ ಮುಂದೆ. ಗೆಜ್ಜೆಯೂ ಇಲ್ಲ ಎಚ್ಚರಿಸಲು. ಕಿಟಕಿಯಾಚೆ ಬೇಗಮ್ ಅವರಿಗೆ ಅದು ಗೊತ್ತಾಯಿತೆಂದು ನನಗೆ ಗೊತ್ತಾಯಿತು. ಹಂಪಯ್ಯ ತಾನೇ ಕೇಳಿಸಿಕೊಂಡ, ನುಡಿಸುವುದು ನಿಲ್ಲಿಸಿದ, ಎರಡೂ ಕೈ ತೊಡೆಯ ಮೇಲೆ ಇಟ್ಟುಕೊಂಡ.

ಆ ಕೈ ಏನು ಮಾಡುತ್ತಿತ್ತು ಎಂದು ಸಾಹೇಬರು ನನ್ನನ್ನು ಕೇಳಿದರು. ಇದ್ದದ್ದನ್ನು ಹೇಳಿದೆ. ಅವರು ಹುಬ್ಬನ್ನೂ ಹಾರಿಸಲಿಲ್ಲ. ಆ ತುಣುಕನ್ನು ಮೊದಲಿನಿಂದ ನುಡಿಸಲಿ, ನನಗೆ ಅವಸರವಿಲ್ಲ ಅಂದರು. ಅದನ್ನು ಕನ್ನಡದಲ್ಲಿ ಹೇಳಿದೆ. ಹಂಪಯ್ಯ ನನ್ನ ಮುಖವನ್ನೇ ನೋಡಿದ.

‘ದೊರಿ ಖರೇನ ಹಂಗಂದನೇನ್ರಿ, ಇಲ್ಲಾ ನೀವು ಅಂತೀರಿ?’

ನಾನು ಏನು ಹೇಳಿದರೂ, ಹೇಗೆ ಹೇಳಿದರೂ, ಅದು ನನ್ನ ಬಾಯಿಂದಲೇ ಬರಬೇಕು. ಆ ಬಾಯಿಗೆ ಅವನ ಬಳಿ ಬೆಲೆ ಉಳಿದಿರಲಿಲ್ಲ. ‘ಅವರೇ ಅಂದ್ರಪ. ನಾ ಒಂದಕ್ಷರ ಸೇರಿಸಿಲ್ಲ,’ ಅಂದೆ. ದನಿ ನಡುಗಿತು. ಆ ನಡುಕವನ್ನು ಯಾರಿಂದಲೂ ಎರವಲು ತಂದಿರಲಿಲ್ಲ. ಅದು ಅವನಿಗೂ ತಿಳಿಯಿತೇನೋ. ತಿರುಗಿ ಕೂತ.

ಮತ್ತೆ ಶುರುವಾಯಿತು. ಅದೇ ಜಾಗ ಹತ್ತಿರ ಬಂತು. ಸಾಹೇಬರ ಪೆನ್ಸಿಲು ಎದ್ದಿತು. ನಾನು ಕಣ್ಣು ಮುಚ್ಚಿದೆ. ಎಡಗೈ ನಿಲ್ಲಲಿಲ್ಲ, ಹರಿಯಿತು. ಎಲ್ಲಿಂದಲೋ ಧಪ್ ಧಪ್ ಎಂಬ ಸದ್ದು. ಕಣ್ಣು ಬಿಟ್ಟು ನೋಡಿದರೆ ಅವನ ಬರಿಗಾಲು, ಎಡಗಾಲು, ನೆಲವನ್ನು ಒತ್ತುತ್ತಿದೆ, ತಿದಿಯ ಲಯದಲ್ಲೇ. ಕೈಯ ಹೆದರಿಕೆಯನ್ನು ಅವನು ಕಾಲಿಗೆ ಇಳಿಸಿಬಿಟ್ಟಿದ್ದ. ಗಾಳಿ ಹಾಕುವ ಕೆಲಸ ಕಾಲು ವಹಿಸಿಕೊಂಡಿತು, ಕೈ ಮನೆಯಲ್ಲೇ ಉಳಿಯಿತು. ತುಣುಕು ಕೊನೆ ಮುಟ್ಟಿತು. ಮೂರನೆಯದೂ ಮುಗಿಯಿತು. ಆಮೇಲೆ ಕಿವಿಯ ಪರೀಕ್ಷೆ: ಸಾಹೇಬರು ಇವನಿಗೆ ಕಾಣದಂತೆ ಸ್ವರ ಒತ್ತುವುದು, ಇವನು ಹಾಡಿ ತೋರಿಸುವುದು. ತಿಂಗಳುಗಟ್ಟಲೆ ಪರದೆಯ ಆಚೆಯ ದನಿಯಿಂದ ಕಲಿತವನಿಗೆ ಅದು ಆಟ. ಒಂದೂ ತಪ್ಪಲಿಲ್ಲ.

ಸಾಹೇಬರು ಕಾಗದದ ಕೊನೆಗೆ ಏನೋ ಬರೆದು ಗೆರೆ ಎಳೆದರು. ನಿಯಮದ ಪ್ರಕಾರ ಫಲಿತಾಂಶ ಅಂಚೆಯಲ್ಲಿ ಬರಬೇಕು. ಆದರೂ ಈತ ಊಟವಿಲ್ಲದೆ ಬಂದಂತೆ ಕಾಣುತ್ತಾನೆ, ಪಾಸಾಗಿದ್ದಾನೆ ಎಂದು ಹೇಳಿಬಿಡಿ ಅಂದರು.

ಹೇಳಿದೆ. ಹಂಪಯ್ಯ ಕದಲಲಿಲ್ಲ.

‘ಎಲ್ಲಾ ನಂಬತೀನ್ರಿ ರಾಯರ,’ ಅಂದ. ‘ಇದೊಂದು ನಿಮ್ಮ ಬಾಯಾಗ ಬಂದದ್ದು ನಂಬಂಗಿಲ್ಲ.’

ಏನಂತೆ ಎಂದು ಸಾಹೇಬರು ಕೇಳಿದರು. ಒಂದು ಸೇರಿಸಬೇಡ, ಒಂದು ತೆಗೆಯಬೇಡ ಎಂಬ ಅಪ್ಪಣೆ ಕಿಟಕಿಯಾಚೆ ಕಿವಿಗೊಟ್ಟು ಕೂತಿತ್ತು. ಅವನು ಅಂದದ್ದನ್ನು ಹೇಳಿದೆ. ಯಾಕೆ ನಂಬುವುದಿಲ್ಲ ಎಂದು ಕೇಳಿದರು. ಅದನ್ನೂ ಹೇಳಬೇಕಾಯಿತು, ಗುರುವಾರದಿಂದ. ಕಾಗದ ಇನ್ನೂ ಅವರ ಕೈಯಲ್ಲಿತ್ತು, ಪೆನ್ಸಿಲೂ ಇತ್ತು. ಬರೆದದ್ದನ್ನು ಅಳಿಸಲು ಎಷ್ಟು ಹೊತ್ತು?

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಮಾಡಿ ತೋರಿಸಿ ಅಂದರು.

ನಾನು ಕಾಡಿಬೇಡಿದೆ. ಅವರು ಕಾದರು. ಹಂಪಯ್ಯ ಪಿಯಾನೋದ ಸ್ಟೂಲಿನ ಮೇಲಿಂದ ನನ್ನ ಕಡೆ ತಿರುಗಿ ಕೂತ. ಆ ದೊಡ್ಡ ಹಾಲಿನ ನಡುವೆ, ನಾನು ಕಂಡೇ ಇರದ ಮನುಷ್ಯನ ದನಿಯನ್ನು ಆ ಮನುಷ್ಯನ ಎದುರಿಗೇ ಮಾಡಲು ನಿಂತೆ. ಗಂಟಲಲ್ಲಿ ಕಲ್ಲು ಉರುಳಲಿಲ್ಲ, ಮರಳೂ ಉದುರಲಿಲ್ಲ. ಹೇಗೋ ಬಾಯಿ ತೆರೆದೆ. ಬಂದದ್ದು ಕೋಳಿಮರಿಯ ಕೀಚಲು.

ಸಾಹೇಬರು ಕಾಗದವನ್ನು ಹಂಪಯ್ಯನ ಕಡೆ ತಿರುಗಿಸಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ಅವನು ಬಗ್ಗಿ, ತುಟಿ ಅಲುಗಿಸುತ್ತಾ, ಒಂದೊಂದೇ ಅಕ್ಷರ ಕೂಡಿಸಿ ಓದಿದ: ‘ಪಾಸ್.’ ಬೆರಳಿನಿಂದ ಮುಟ್ಟಿಯೂ ನೋಡಿದ. ಆಮೇಲೆ ಸಾಹೇಬರು ಇನ್ನೊಂದು ಖಾಲಿ ಕಾಗದ ಎಳೆದುಕೊಂಡು, ಮೊದಲಿನಷ್ಟೇ ಗಂಭೀರವಾಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮೆಲುದನಿಯಲ್ಲಿ ಅಂದರು: ‘ಫೇಲ್.’

ಅದನ್ನು ಕನ್ನಡಕ್ಕೆ ತಿರುಗಿಸುವ ಅಗತ್ಯ ಬೀಳಲಿಲ್ಲ. ಸಾಹೇಬರ ತುಟಿಯ ಅಂಚು ನಡುಗಿತು. ಟಾಂಗಾದ ಪರದೆಯ ಆಚೆ ಯಾರೋ ಕೆಮ್ಮಿನಲ್ಲಿ ನಗು ಅಡಗಿಸಿಕೊಂಡರು. ನನಗೂ ಸಣ್ಣಗೆ ನಗು ಬಂತು, ಬದುಕಿದೆನಲ್ಲ ಎಂದು. ಆದರೆ ನಮ್ಮ ಮೂವರ ನಗೆಯೂ ಯಾರಿಗೂ ಕೇಳಿಸಲಿಲ್ಲ. ಹಂಪಯ್ಯ ಸ್ಟೂಲಿನಿಂದ ಜಾರಿ ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಸುರಿಸುತ್ತಾ, ಪಾದ್ರಿಗಳು ಏನಾಯಿತೋ ಎಂದು ಓಡಿ ಬರುವಷ್ಟು ಜೋರಾಗಿ ನಗುತ್ತಿದ್ದ.